ಹಳೆಯ ಕ್ಯಾಮೆರಾದ ಏಳನೆಯ ಚಿತ್ರ

ಆನೇಕಲ್ ತಾಲ್ಲೂಕಿನ ಜಿಗಣಿಯೆಂದರೆ ಈಗ ಕಾರ್ಖಾನೆಗಳ ಊರು, ಕಲ್ಲು ಕೊಯ್ಯುವ ಯಂತ್ರಗಳ ಊರು. ಅಲ್ಲಿಯ ಯಂತ್ರಶಿಲ್ಪಿಯೊಬ್ಬನಿಗೆ ಹಳೆಯ ಕ್ಯಾಮೆರಾಗಳನ್ನು ಕೂಡಿಡುವ ಹವ್ಯಾಸ. ಕೂಡಿಡುವವರು ಅನೇಕರುಂಟು, ಅವುಗಳಿಂದ ಚಿತ್ರ ತೆಗೆಯುವವರು ವಿರಳ. ಬೀರುವಿನ ಕತ್ತಲೆಯಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು, ಷಟರಿನ ಎಣ್ಣೆ ಅಂಟಾಗುವುದು. ದುಡಿಸದ ಎತ್ತಿನ ಕಾಲು ಹಿಡಿದಂತೆಯೇ ಸರಿ.

ಗತಿಸಿದ ತಂದೆಯ ಕ್ಯಾಮೆರಾ, ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3, ಅವನ ಕೈಸೇರಿದಾಗ ಬೆನ್ನಿನ ಕೆಂಪು ಕಿಟಕಿಯಲ್ಲಿ 7 ಎಂಬ ಅಂಕೆ ಕಾಣುತ್ತಿತ್ತು. ಸುರುಳಿಯೊಂದಕ್ಕೆ ಚಿತ್ರಗಳು 12. ಆರನ್ನು ತಂದೆ ತೆಗೆದಿದ್ದುದು ನಿಶ್ಚಯ. ಏಳನೆಯದು? ಗುಂಡಿಯನ್ನೊತ್ತಿ ಸುರುಳಿಯನ್ನು ಮುಂದೆ ತಿರುಗಿಸದೆ ಬಿಟ್ಟಿದ್ದರೋ, ಒತ್ತಿಯೇ ಇರಲಿಲ್ಲವೋ! ಮಗನು ಅದರ ಮೇಲೆ ತನ್ನ ಚಿತ್ರವನ್ನು ತೆಗೆಯಲೊಲ್ಲದೆ ಎಂಟಕ್ಕೆ ತಿರುಗಿಸಿ, ಉಳಿದ ಐದರಲ್ಲಿ ಜಿಗಣಿಯ ಕೆರೆಯನ್ನು ಹಿಡಿದನು.

ಒಳಗಿದ್ದುದು, ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾಗಿ ಈಗ ಮುಚ್ಚಿಹೋಗಿರುವ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು. ಚಂದ್ರನ ಹೆಸರು ಬೆಳ್ಳಿಯ ಲೇಪಕ್ಕೆ ಒಪ್ಪುವಂತಹುದೇ. ಆದರೆ ಆ ಬೆಳ್ಳಿಯ ಲವಣದ ಮೇಲೆ ಬೆಳಕು ಬಿಟ್ಟ ಅಗೋಚರ ಮುದ್ರೆ ವರುಷಗಳು ಸಂದಂತೆ ಸವೆಯುತ್ತದೆ. ಸೆಕೆಯಿಂದ ಮಬ್ಬು ಕವಿಯುತ್ತದೆ. ಕೆರೆಯ ಐದೂ ಮಬ್ಬಿನಲ್ಲಿ ಮುಳುಗಿದುವು. ತಂದೆಯ ಆರರಲ್ಲಿ ನಾಲ್ಕು ಹೋದುವು.

ಏಳನೆಯದು ಖಾಲಿಯಾಗಿರಲಿಲ್ಲ. ಮನೆಯ ಹಿಂದಣ ಹಾಸುಬಂಡೆ, ಮೇಲೆ ರಾಗಿ ಹರವುತ್ತಿರುವ ಹೆಂಗಸು, ಮುಖ ತಿಳಿಯದು. ಬಂಡೆ ಹಲಗೆ ಹಲಗೆಯಾಗಿ ಎಂದೋ ಲಾರಿಯೇರಿತು. ಸೆರಗು ಸಿಕ್ಕಿಸಿದ ರೀತಿಯಿಂದ ಅವಳು ತಾಯಿಯೇ ಎಂದು ಮಗನೆನ್ನುತ್ತಾನೆ. ಅಲ್ಲ, ಸೋದರತ್ತೆಯೆಂದು ಅವನ ತಂಗಿ.