ಸಾರ್, ನಾವು ಸೋತ್ವಾ?

ಹೋಬಳಿ ಮಟ್ಟದ ಕ್ರೀಡಾಕೂಟವೆಂದರೆ ಮಕ್ಕಳಿಗೆ ಬಿಳಿ ಕ್ಯಾನ್ವಾಸ್ ಶೂ, ತಾಯಂದಿರಿಗೆ ನಸುಕಿನಲ್ಲೇ ಕಟ್ಟಬೇಕಾದ ಚಿತ್ರಾನ್ನದ ಡಬ್ಬಿ, ಊರಿನವರಿಗೆ ದಿನವಿಡೀ ಮೈಕಿನ ಸದ್ದು. ದೈಹಿಕ ಶಿಕ್ಷಕರಿಗೆ ಮಾತ್ರ ಅದು ಒಂದು ಹಾಳೆ. ಯಾವ ಶಾಲೆಗೆ ಯಾವ ಶಾಲೆ ಎದುರು, ಎಷ್ಟು ಹೊತ್ತಿಗೆ, ಯಾವ ಅಂಕಣದಲ್ಲಿ ಎಂದು ಬರೆದ ಹಾಳೆ. ಗೆದ್ದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಹಾಳೆ ಬರೆದವರನ್ನು ಯಾರೂ ಏನೂ ಕೇಳುವುದಿಲ್ಲ.

ಆ ಹೋಬಳಿಯ ಮೇಷ್ಟ್ರೊಬ್ಬರು ಹದಿನೆಂಟು ವರ್ಷ ಅದನ್ನು ಬರೆದಿದ್ದರು. ಅವರನ್ನೂ ಯಾರೂ ಕೇಳಿರಲಿಲ್ಲ. ಒಂದು ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿಬಿಟ್ಟಳು.

ಅವಳದು ಕಾಡಂಚಿನ ಶಾಲೆ. ಆ ಊರಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಹೋಬಳಿ ಕೇಂದ್ರ ತಲುಪುವಾಗ 10.15. ಬಾಲಕಿಯರ ಖೋ-ಖೋದ ಮೊದಲ ಪಂದ್ಯ 9ಕ್ಕೆ. ಚೀಟಿ ಎತ್ತಿದಾಗ ಅದು ಬಂದದ್ದು ಇದೇ ಶಾಲೆಗೆ. ಕರೆದು 15 ನಿಮಿಷದೊಳಗೆ ಅಂಕಣಕ್ಕಿಳಿಯದ ತಂಡ ಸೋತಂತೆ ಎಂಬುದು ನಿಯಮ. ಬಸ್ ನಿಲ್ದಾಣದಿಂದ ಏದುಸಿರು ಬಿಡುತ್ತಾ ಓಡಿಬಂದ ಹುಡುಗಿಯರಿಗೆ ಎದುರಾಳಿಗೆ ವಾಕ್ ಓವರ್ ಸಿಕ್ಕಿದ ಸುದ್ದಿ ಕಾದಿತ್ತು. ಇಡೀ ದಿನ ಅವರು ಹೊಂಗೆಮರದ ಕೆಳಗೆ ಕುಳಿತು ಬೇರೆಯವರ ಆಟ ನೋಡಿದರು. ಸಂಜೆ ಹೊರಡುವಾಗ ಆ ಹುಡುಗಿ ಮೇಷ್ಟ್ರ ಹತ್ತಿರ ಬಂದು, “ಸಾರ್, ನಾವು ಸೋತ್ವಾ?” ಎಂದಳು.

ಹಾಳೆಯಲ್ಲಿ ಹಾಗೇ ಬರೆದಿತ್ತು. ಆದರೆ ಆಡದೆ ಸೋಲುವುದು ಹೇಗೆ? “ಬಸ್ಸಿಗೆ ಹೊತ್ತಾಯ್ತು, ಹೋಗಮ್ಮ” ಎಂದು ಮೇಷ್ಟ್ರು ಜಾರಿಕೊಂಡರು. ಅವಳ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ.

ಮರುವರ್ಷದ ಪೂರ್ವಭಾವಿ ಸಭೆಗೆ ಅವರು ಚೀಟಿಗಳ ಜೊತೆಗೆ ಬಸ್ಸಿನ ವೇಳಾಪಟ್ಟಿಯನ್ನೂ ತಂದರು. ಹನ್ನೊಂದು ಶಾಲೆಯವರಿದ್ದರು. ಯುವ ಶಿಕ್ಷಕರೊಬ್ಬರು, “ಲೀಗ್ ಆಡಿಸೋಣ ಸಾರ್, ಎಲ್ಲರಿಗೂ ಆಟ ಸಿಗುತ್ತೆ” ಎಂದರು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದರು. ಹನ್ನೊಂದು ತಂಡ ಪರಸ್ಪರ ಆಡಿದರೆ 55 ಪಂದ್ಯ. ಚಿಕ್ಕ ಮಕ್ಕಳ ಖೋ-ಖೋದಲ್ಲಿ ಒಂದು ಸರದಿ 7 ನಿಮಿಷ. ನಾಲ್ಕು ಸರದಿ, ನಡುವಿನ ವಿರಾಮ, ತಂಡ ಇಳಿಸುವುದು ಎಲ್ಲ ಸೇರಿ ಪಂದ್ಯಕ್ಕೆ ಮುಕ್ಕಾಲು ಗಂಟೆ. ಒಟ್ಟು 41 ಗಂಟೆ ದಾಟುತ್ತದೆ. ನಾಕೌಟ್ ಆದರೆ ಹತ್ತೇ ಪಂದ್ಯ. ಯಾಕೆಂದರೆ ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ. ಒಬ್ಬರು ಉಳಿಯಬೇಕಾದರೆ ಹತ್ತು ತಂಡ ಸೋಲಬೇಕು. ಹನ್ನೊಂದನ್ನು ಹದಿನಾರರ ಚೌಕಟ್ಟಿಗೆ ಕೂರಿಸಲು ಐದು ತಂಡಗಳಿಗೆ ‘ಬೈ’. ಅವು ಮೊದಲ ಸುತ್ತು ಆಡದೆ ಎರಡನೆಯದಕ್ಕೆ ಹೋಗುತ್ತವೆ.

“ಹಾಗಾದ್ರೆ ದೂರದವರಿಗೇ ಬೈ ಕೊಟ್ಟುಬಿಡಿ” ಎಂದರೊಬ್ಬರು. ಮೇಷ್ಟ್ರು ಒಪ್ಪಲಿಲ್ಲ. “ಎದುರಾಳಿ ಯಾರು, ಬೈ ಯಾರಿಗೆ ಅನ್ನೋದನ್ನ ಚೀಟಿ ಹೇಳಲಿ. ಎಷ್ಟು ಹೊತ್ತಿಗೆ ಅನ್ನೋದನ್ನ ಬಸ್ಸು ಹೇಳಲಿ. ದೂರದ ಮಕ್ಕಳಿಗೆ ಬೇಕಾಗಿರೋದು ರಿಯಾಯಿತಿ ಅಲ್ಲ, ಆಟ.”

ಹನ್ನೊಂದು ಗಂಟೆಗೆ ಶುರುಮಾಡಿದರೆ ಒಂದೇ ಅಂಕಣದಲ್ಲಿ ಮುಗಿಯುವುದು ಕತ್ತಲಾದ ಮೇಲೆ. ಕಾಡಂಚಿನ ಊರಿಗೆ ಕಡೆಯ ಬಸ್ಸು 5.15ಕ್ಕೆ. ಆದ್ದರಿಂದ ಪಕ್ಕದ ಸಂತೆಮಾಳದಲ್ಲಿ ಎರಡು ಕಂಬ ನೆಟ್ಟು, ಸುಣ್ಣದ ಗೆರೆ ಎಳೆದು ಎರಡನೇ ಅಂಕಣ ಮಾಡುವುದೆಂದಾಯಿತು. ಬಾಲಕರ ಪಂದ್ಯಗಳು ಮರುದಿನಕ್ಕೆ ಹೋದವು. ಸೆಮಿಫೈನಲ್ಲಿಗೂ ಫೈನಲ್ಲಿಗೂ ನಡುವೆ ಅರ್ಧ ಗಂಟೆ ವಿಶ್ರಾಂತಿ ಇಟ್ಟರೂ 4.45ಕ್ಕೆ ಎಲ್ಲ ಮುಗಿಯುತ್ತಿತ್ತು. ಆಮೇಲೆ ಎಲ್ಲರೆದುರು ಚೀಟಿ ಎತ್ತಿದರು. ನಿಯಮಗಳನ್ನು ಓದಿ ಹೇಳಿದ್ದು ಅದಕ್ಕೂ ಮೊದಲು. ಚೀಟಿ ಎತ್ತಿದ ಮೇಲೆ ಮಾಡಿದ ನಿಯಮಕ್ಕೆ ಯಾರದೋ ಶಾಲೆಯ ವಾಸನೆ ಅಂಟಿಕೊಳ್ಳುತ್ತದೆ ಎಂಬುದು ಮೇಷ್ಟ್ರ ಅನುಭವ.

ಅದೇ ನಿಯಮ ಮರುದಿನ ಅವರ ಮನೆ ಬಾಗಿಲಿಗೇ ಬಂತು. ವಿಭಾಗ 14 ವರ್ಷದೊಳಗಿನವರದು. ಮೇಷ್ಟ್ರ ಶಾಲೆಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಅಟ್ಟುತ್ತಿದ್ದ ಎಂಟನೇ ತರಗತಿಯ ಹುಡುಗಿಗೆ ದಾಖಲಾತಿ ಪುಸ್ತಕದ ಪ್ರಕಾರ ಹನ್ನೆರಡು ದಿನ ಹೆಚ್ಚಾಗಿತ್ತು. ಅವಳ ತಂದೆ ಬಂದು ಜಗುಲಿಯ ಮೇಲೆ ಕುಳಿತರು. “ಹನ್ನೆರಡು ದಿನ ಅಷ್ಟೇ ಅಲ್ವಾ ಮೇಷ್ಟ್ರೇ, ಯಾರು ನೋಡ್ತಾರೆ?”

“ನಾನು ನೋಡಿದೀನಲ್ಲ ಗೌಡ್ರೇ. ಇವತ್ತು ಹನ್ನೆರಡು ದಿನ ಬಿಟ್ಟರೆ ನಾಳೆ ಇನ್ನೊಬ್ಬರು ಹನ್ನೆರಡು ತಿಂಗಳು ಬಿಡಿ ಅಂತಾರೆ. ಆಗ ಪುಟ್ಟ ಮಕ್ಕಳೆಲ್ಲ ದೊಡ್ಡವರ ಮುಂದೆ ಓಡಬೇಕಾಗುತ್ತೆ.”

ಆ ತಂದೆ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಹುಡುಗಿ ಎರಡು ದಿನ ಮಾತಾಡಲಿಲ್ಲ. ಮೇಷ್ಟ್ರಿಗೂ ಸಂಕಟವೇ. ಆದರೆ ಹಾಳೆಯಲ್ಲಿ ಅವಳ ಹೆಸರು ಸೇರಲಿಲ್ಲ. ಖೋ-ಖೋಗೆ ಲಿಖಿತ ನಿಯಮ ಬಂದದ್ದು 1914ರಲ್ಲಿ, ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ. ಊರಿಗೊಂದು ರೀತಿ ಆಡುತ್ತಿದ್ದ ಆಟ ಎಲ್ಲರದೂ ಆದದ್ದು ಹಾಗೆ ಬರೆದಿಟ್ಟ ಮೇಲೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದದ್ದನ್ನು ಮಕ್ಕಳು ಬಲ್ಲರು. ಸಂತೆಮಾಳದ ಸುಣ್ಣದ ಗೆರೆಗೂ ಆ ಅಂಕಣಕ್ಕೂ ಇರುವ ನಂಟು ಇದೇ: ಗೆರೆ ಎಲ್ಲರಿಗೂ ಒಂದೇ.

ಕ್ರೀಡಾಕೂಟದ ಬೆಳಿಗ್ಗೆ ಮೇಷ್ಟ್ರು ಆ ಹುಡುಗಿಯ ಕೈಗೆ ಸ್ಟಾಪ್‌ವಾಚ್ ಕೊಟ್ಟು, “ಏಳು ನಿಮಿಷ ಅಂದ್ರೆ ಏಳೇ ನಿಮಿಷ, ತಿಳೀತಾ?” ಎಂದರು. ಅವಳು ಮುಖ ಗಂಟಿಕ್ಕಿಕೊಂಡೇ ತೆಗೆದುಕೊಂಡಳು. ಅವಳಿಲ್ಲದ ಸ್ವಂತ ಶಾಲೆಯ ತಂಡ ಎರಡನೇ ಸುತ್ತಿನಲ್ಲಿ ಮುಗ್ಗರಿಸಿದಾಗಲೂ ಅವಳ ಗಡಿಯಾರ ಒಂದು ಕ್ಷಣ ಹಿಂದುಮುಂದಾಗಲಿಲ್ಲ.

ಕಾಡಂಚಿನ ತಂಡ 10.15ಕ್ಕೆ ಬಸ್ಸಿಳಿಯಿತು. ನಿಧಾನವಾಗಿ ನೀರು ಕುಡಿದು, ಜಡೆ ಬಿಗಿದು, ಹನ್ನೊಂದಕ್ಕೆ ಅಂಕಣಕ್ಕಿಳಿಯಿತು. ಎರಡು ಪಂದ್ಯ ಗೆದ್ದು ಸೆಮಿಫೈನಲ್ಲಿನಲ್ಲಿ ಒಂದೇ ಅಂಕದಿಂದ ಸೋತಿತು. ಸಂಜೆ ಎಂಟನೇ ತರಗತಿಗೆ ಬಂದಿದ್ದ ಅದೇ ಹುಡುಗಿ, ಮಣ್ಣು ಮೆತ್ತಿದ ಮೊಣಕಾಲು ಒರೆಸಿಕೊಳ್ಳುತ್ತಾ ಮೇಷ್ಟ್ರ ಮುಂದೆ ನಿಂತಳು.

“ಸೋತ್ವಿ ಸಾರ್” ಎಂದಳು. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. ನಗುತ್ತಾ ಬಸ್ಸಿನ ಕಡೆ ಓಡಿದಳು.