ಬಾವಿಯ ದಂಡೆಗೆ ಹೊಸ ಎಂಜಿನ್

ಸಿಂಗಟಗೆರೆಯ ಸುತ್ತಿನ ತೆಂಗಿನ ತೋಟಗಳಲ್ಲಿ ಈಗ ಕೊಳವೆಬಾವಿಯ ಮೋಟಾರಿನದೇ ದರ್ಬಾರು. ಆದರೂ ಹಳೆಯ ತೆರೆದ ಬಾವಿಯನ್ನು ಮುಚ್ಚಿಸದೆ ಉಳಿಸಿಕೊಂಡವರು ಇಲ್ಲದಿಲ್ಲ. ಅಂಥದೊಂದು ಮನೆಯ ಆಯಿಲ್ ಎಂಜಿನ್ ಬೇಸಿಗೆಯ ಬಾಗಿಲಲ್ಲೇ ಕೊನೆಯುಸಿರೆಳೆಯಿತು. ಕರೆಂಟು ಕೈಕೊಟ್ಟ ದಿನಗಳಲ್ಲಿ ಎಳೆಯ ಸಸಿಗಳ ಜೀವ ಉಳಿಸುತ್ತಿದ್ದುದು ಅದೇ.

ಅದು ಲಿಸ್ಟರ್ ಮಾದರಿಯದು. 6 ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು, 300 ಕಿಲೋಗ್ರಾಂ ಮೀರಿದ ಮೈಭಾರ. ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿದ ಈ ಮಾದರಿಯನ್ನು ರಾಜಕೋಟೆಯ ಕಾರ್ಖಾನೆಗಳು ಭಾರತದ ಹೊಲಗದ್ದೆಗಳಿಗೆಲ್ಲ ಹಂಚಿದುವು. ಮೆಲ್ಲನೆ ತಿರುಗುವುದರಿಂದ ಸವೆತ ಕಡಮೆ. ಆದರೆ ಹ್ಯಾಂಡಲ್ ತಿರುಗಿಸಲು ತೋಳಿನಲ್ಲಿ ಕಸುವಿರಬೇಕು. ಎರಡು ವರ್ಷಗಳ ಹಿಂದೆ ಹ್ಯಾಂಡಲ್ ಹಿಂದಕ್ಕೊದ್ದು ಯಜಮಾನರ ಮುಂಗೈ ಮುರಿದ ಮೇಲೆ ಆ ಕೆಲಸ ಮನೆಯಾಕೆಯ ಪಾಲಿಗೆ ಬಂದಿತ್ತು.

“ಈ ಸಲ ಹತ್ತು ಹೆಚ್.ಪಿ.ಯದೇ ತೆಗೆದುಕೊಳ್ಳಿ, ಅಪ್ಪ,” ಎಂದು ಬೆಂಗಳೂರಿನಿಂದ ಮಗ ಫೋನಿನಲ್ಲಿ ಹೇಳಿದ.

“ಎಂಜಿನ್ ಹತ್ತಾದರೆ ಬಾವಿಯೂ ಹತ್ತಾಗಬೇಕಲ್ಲಪ್ಪ!”

ಯಜಮಾನರ ಮಾತು ಹಾಸ್ಯವಾಗಿ ಕೇಳಿಸಿದರೂ ಅದರ ಹಿಂದೆ ಲೆಕ್ಕವಿತ್ತು. ಬಾವಿಯ ಅಡ್ಡಳತೆ 20 ಅಡಿ. ರಾತ್ರಿ ಬೆಳಗಾಗುವುದರೊಳಗೆ ಊರುವ ನೀರು 10 ಅಡಿ, ಅಂದರೆ ಸುಮಾರು 89,000 ಲೀಟರು. ಸೆಕೆಂಡಿಗೆ 10 ಲೀಟರಿನಂತೆ ಎತ್ತಿದರೆ ಎರಡೂವರೆ ಗಂಟೆಯಲ್ಲಿ ತಳ ಕಾಣುತ್ತದೆ. ಕೊಳವೆಯ ತಿಕ್ಕಾಟವೂ ಸೇರಿ 15 ಮೀಟರ್ ಎತ್ತರಕ್ಕೆ ಅಷ್ಟು ನೀರೆತ್ತಲು ಬೇಕಾದುದು 2 ಅಶ್ವಶಕ್ತಿ. ಪಂಪು, ಬೆಲ್ಟುಗಳಲ್ಲಿ ಸೋರಿಹೋಗುವುದನ್ನು ಹಿಡಿದರೆ 4. ಹಾಗಾದರೆ 5 ಧಾರಾಳ. ದೊಡ್ಡ ಎಂಜಿನ್ ಬಾವಿಯನ್ನು ಬೇಗ ಬತ್ತಿಸೀತೇ ಹೊರತು ಒಂದು ಕೊಡ ನೀರನ್ನೂ ಹೆಚ್ಚಿಸದು.

ಅಂಗಡಿಯವನು ಪಂಪು ಎಂಜಿನ್ ಒಂದಕ್ಕೊಂದು ನೇರವಾಗಿ ಜೋಡಿಸಿದ ಸೆಟ್ಟನ್ನು ತೋರಿಸಿದ. ಬೆಲೆಯೂ ಹಗುರ, ತೂಕವೂ ಹಗುರ. ಆದರೆ ಬೇಸಿಗೆಯಲ್ಲಿ ನೀರು 35 ಅಡಿ ಕೆಳಗಿಳಿಯುತ್ತದೆ. ಪಂಪು ಕೆಳಗಿನಿಂದ ಹೀರಬಲ್ಲುದು 20 ಅಡಿಯ ಆಸುಪಾಸು ಮಾತ್ರ. ಆದುದರಿಂದ ಪಂಪು 18 ಅಡಿ ಕೆಳಗಿನ ಕಲ್ಲುಕಟ್ಟೆಯ ಮೇಲೇ ಕೂರಬೇಕು. ಸೆಟ್ಟು ಕೊಂಡರೆ ಎಂಜಿನ್ನೂ ಅಲ್ಲಿಗೇ ಇಳಿಯಬೇಕು. ಡೀಸೆಲ್ ಹೊಗೆ ಬಾವಿಯೊಳಗೆ ಕವಿದರೆ ಇಳಿದವರು ಮೇಲೆ ಬರುವ ಭರವಸೆಯಿಲ್ಲ. ದಿನವೂ ಅಲ್ಲಿಗೆ ಇಳಿಯಬೇಕಾದವರು ಯಾರೆಂಬುದು ಯಜಮಾನರಿಗೆ ಗೊತ್ತಿತ್ತು. ಅಗ್ಗದ ಸೆಟ್ಟಿನ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಬಂದುದು 1,500 ಸುತ್ತಿನ, 5 ಅಶ್ವಶಕ್ತಿಯ, ಬ್ಯಾಟರಿಯಿಂದ ಹೊರಡುವ ಎಂಜಿನ್. ಅದು ದಂಡೆಯ ಮೇಲೆ. ಹಳೆಯ ಪಂಪು ಕಟ್ಟೆಯ ಮೇಲೆ. ನಡುವೆ ಉದ್ದನೆಯ ಬೆಲ್ಟು. ಮೆಕ್ಯಾನಿಕ್ಕನು ಹಳೆಯ ಎಂಜಿನ್ನಿನ ದೊಡ್ಡ ರಾಟೆಯನ್ನೇ ಇದಕ್ಕೂ ತೊಡಿಸಲು ಹೊರಟಿದ್ದ. ತೊಡಿಸಿದ್ದರೆ 1,500 ಸುತ್ತಿನ ಪಂಪು 3,400 ಮೀರಿ ಓಡಲು ಹವಣಿಸುತ್ತಿತ್ತು. ವೇಗ ಎರಡರಷ್ಟಾದರೆ ಪಂಪು ಬೇಡುವ ಶಕ್ತಿ ಎಂಟರಷ್ಟಾಗುತ್ತದೆ; ಹೊಸ ಎಂಜಿನ್ ಮೊದಲ ದಿನವೇ ಏದುಸಿರು ಬಿಡುತ್ತಿತ್ತು. ಪಂಪಿನದಕ್ಕೆ ಸಮನಾದ ಸಣ್ಣ ರಾಟೆ ಕಡೂರಿನಿಂದ ಬರುವವರೆಗೆ ಎರಡು ದಿನ ಕೆಲಸ ನಿಂತಿತು.

“ಬ್ಯಾಟರಿಯನ್ನು ತೋಟದಲ್ಲಿ ಬಿಟ್ಟರೆ ಬೆಳಗಾಗುವುದರಲ್ಲಿ ಇರುತ್ತದೆಯೇ?” ಎಂದು ಮನೆಯಾಕೆ ಕೇಳಿದರು. ಸಂಜೆ ಅದನ್ನು ಬಿಚ್ಚಿ ಮನೆಗೆ ತರುವುದೆಂದು ತೀರ್ಮಾನವಾಯಿತು. ಮರುದಿನ ಅವರು ಗುಂಡಿ ಒತ್ತಿದರು. ಕಾಲುವೆಯಲ್ಲಿ ನೀರು ಕಂಡೊಡನೆ ಸನಿಕೆ ಹಿಡಿದು ಮಡೆ ತಿರುಗಿಸಲು ಹೊರಟರು.