ಮೊದಲ ರೊಟ್ಟಿ

ತಿಂಗಳ ಕೊನೆ ವಾರ. ಬಾಡಿಗೆ, ಮಗಳ ಸ್ಕೂಲ್ ಫೀಸು, ಅಮ್ಮನ ಮಾತ್ರೆ... ಎಷ್ಟು ಸಲ ಕೂಡಿಸಿದ್ರೂ ದುಡ್ಡು ಸಾಲಲ್ಲ. ಇಂಥ ಹೊತ್ತಲ್ಲೇ ನನಗೆ 1 ಅರಸುಗಳು 17ರ ಚಾರೆಪ್ತದ ವಿಧವೆ ನೆನಪಾಗೋದು.

ಬರಗಾಲ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಸ್ವಲ್ಪ ಎಣ್ಣೆ. ಅದನ್ನು ತಿಂದು ಮಗನ ಜೊತೆ ಸಾಯೋದೇ ಅಂದುಕೊಂಡಿದ್ದವಳ ಹತ್ತಿರ ಎಲೀಯ ಮೊದಲ ರೊಟ್ಟಿ ಕೇಳಿದ. ಅವಳು ಕೊಟ್ಟಳು.

ದೇವರು ಅವಳಿಗೆ ಕಣಜ ತುಂಬಿಸಿಕೊಡಲಿಲ್ಲ. ದಿನಾ ಮಡಕೆ ಬರಿದಾಗದ ಹಾಗೆ ನೋಡಿಕೊಂಡರು. ಆಮೇಲೂ ಅವಳ ಮಗ ಕಾಯಿಲೆಬಿದ್ದು ಸತ್ತ. ಎಲೀಯನ ಪ್ರಾರ್ಥನೆ ಕೇಳಿ ದೇವರೇ ಬದುಕಿಸಿದರು. ದೇವರನ್ನು ಮೊದಲಿಟ್ಟವರ ಮನೆಗೂ ಕಷ್ಟ ಬರುತ್ತೆ, ಆದ್ರೆ ಕೂಗಿದರೆ ಕೇಳೋ ದೇವರು ಅಲ್ಲೇ ಇರ್ತಾರೆ.

ನಾಳೆಯದು ಅವರ ಕೈಲಿರಲಿ. ಇವತ್ತಿನ ಹಿಟ್ಟಿಗೆ ಸ್ತೋತ್ರ ಹೇಳೋಣ. ನಿಮಗಾಗಿ ಏನು ಪ್ರಾರ್ಥಿಸಲಿ? ಕಾಮೆಂಟಲ್ಲಿ ಬರೀರಿ. 🙏